ಭಾಂಡುಪಿಗೂ ಬೊರಿವಲಿಗೂ ಒಂದೇ ಮನೆ

ಮರದ ಮೇಲಿರುವ ಬಸವನಹುಳು ಹಿಮಸಮುದ್ರದಲ್ಲಿ ಈಜುವುದನ್ನು ಯಾರಾದರೂ ಕಂಡಿದ್ದರೆ ಅದು ನಾನೊಬ್ಬಳೇ ಇರಬೇಕು. ಎರಡು ಮಳೆಗಾಲ ಬೊರಿವಲಿ ಕಡೆಯ ಕಾಡಿನಲ್ಲಿ ಸೊಳ್ಳೆಗಳಿಗೆ ರಕ್ತದಾನ ಮಾಡುತ್ತ, ಒಂದೊಂದು ಮರದ ತೊಗಟೆ ಸವರಿ ನೋಡಿ, ಹುಳು ಸಿಕ್ಕಿದ ಜಾಗವನ್ನೆಲ್ಲ ಗುರುತು ಹಾಕಿಕೊಂಡು ಬಂದಿದ್ದೆ. ಅವನ್ನು ನಕಾಶೆಯ ಸಾಫ್ಟ್‌ವೇರಿಗೆ ಹಾಕಿದ ಬೆಳಿಗ್ಗೆ ಹುಳುಗಳೆಲ್ಲ ನಾರ್ವೆಯ ಆಚೆ, ಮನುಷ್ಯರೂ ಇಲ್ಲದ ಸಮುದ್ರದ ನಡುವೆ ಹೋಗಿ ಕೂತಿದ್ದವು. ಅಕ್ಷಾಂಶದ ಜಾಗದಲ್ಲಿ ರೇಖಾಂಶ, ರೇಖಾಂಶದ ಜಾಗದಲ್ಲಿ ಅಕ್ಷಾಂಶ. ಅಷ್ಟೇ. ಸರಿಮಾಡಲು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ, ಆದರೆ ಆ ದಿನವೆಲ್ಲ ನನ್ನ ಮೇಲೆ ನನಗೇ ಸಿಟ್ಟು.

ನಾನು ಗ್ರಾಂಟ್ ರೋಡ್ ಹತ್ತಿರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುವವಳು. ಓದಿದ್ದು ಪ್ರಾಣಿಶಾಸ್ತ್ರ, ನಲವತ್ತು ದಾಟಿದ ಮೇಲೆ ನಕಾಶೆಯ ಸಾಫ್ಟ್‌ವೇರ್ ಕಲಿತೆ. ಕಲಿತೆ ಎನ್ನುವುದು ದೊಡ್ಡ ಮಾತು, ಗೋಡೆಗೆ ತಲೆ ಚಚ್ಚಿಕೊಳ್ಳುತ್ತ ಚಚ್ಚಿಕೊಳ್ಳುತ್ತ ಗೋಡೆ ಎಲ್ಲಿ ಮೆತ್ತಗಿದೆ ಎಂದು ಗೊತ್ತಾಯಿತು. ಲ್ಯಾಬ್ ನಡೆಸುವ ನಮ್ಮ ಮೇಡಂ ಮರಾಠಿಯವರು. ಒಳ್ಳೆಯ ಹೆಂಗಸು, ಆದರೆ ಕೆಲಸ ಹೇಳುವಾಗ ಅದು ಆಗಲೇ ಅರ್ಧ ಮುಗಿದಿದೆ ಎನ್ನುವ ಧಾಟಿಯಲ್ಲಿ ಹೇಳುತ್ತಾರೆ. ಹುಳು ಎಲ್ಲಿದೆ ಎಂದು ಗೊತ್ತಾಯಿತಲ್ಲ, ಇನ್ನು ಬೇಸಿಗೆಯ ಉಷ್ಣಾಂಶದ ಲೇಯರ್ ಮೇಲೆ ಅದನ್ನಿಟ್ಟು, ಎಷ್ಟು ಬಿಸಿಯವರೆಗೆ ಅದು ತಾಳುತ್ತದೆ, ಮುಂದೆ ಎಲ್ಲೆಲ್ಲಿ ಉಳಿಯುತ್ತದೆ ಎಂಬ ನಕಾಶೆ ಮಾಡಿಬಿಡು, ಮಳೆಗಾಲದ ಮೊದಲು ವರದಿ ಕಳಿಸೋಣ ಎಂದರು.

ಉಷ್ಣಾಂಶದ ಲೇಯರ್ ಎಂದರೆ ಇಷ್ಟು. ಭೂಮಿಯ ಮೇಲೆಲ್ಲ ಚೌಕಗಳ ಬಲೆ ಹಾಸಿದ್ದಾರೆ ಎಂದುಕೊಳ್ಳಿ. ಒಂದೊಂದು ಚೌಕಕ್ಕೂ ಒಂದೊಂದು ಸಂಖ್ಯೆ: ಈ ತಿಂಗಳು ಇಷ್ಟು ಬಿಸಿ, ಇಷ್ಟು ಮಳೆ. ಅಳೆಯುವ ಕೇಂದ್ರಗಳು ಎಲ್ಲೋ ಅಲ್ಲೊಂದು ಇಲ್ಲೊಂದು, ನಡುವಿನ ಚೌಕಗಳನ್ನು ಲೆಕ್ಕ ಹಾಕಿ ತುಂಬಿರುತ್ತಾರೆ. ಇಂಥ ದತ್ತಾಂಶ ಇಂಟರ್ನೆಟ್ಟಿನಲ್ಲಿ ರಾಶಿ ರಾಶಿ ಬಿದ್ದಿದೆ, ಪುಕ್ಕಟೆ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೇಳಿದವರು ಯಾರೂ ಕೂತು ಹುಡುಕಿದವರಲ್ಲ. ಒಂದರಲ್ಲಿ ತಿಂಗಳ ಸರಾಸರಿ ಇದೆ, ದಿನದ್ದು ಇಲ್ಲ. ಇನ್ನೊಂದು ಚೆನ್ನಾಗಿದೆ, ಆದರೆ ಯಾವುದೋ ಕಾಲದಲ್ಲಿ ನಿಂತುಹೋಗಿದೆ. ಮತ್ತೊಂದಕ್ಕೆ ಹೆಸರು, ಊರು, ಉದ್ದೇಶ ಎಲ್ಲ ಒಪ್ಪಿಸಿದ ಮೇಲೆ ಪಾಸ್‌ವರ್ಡ್ ಮೇಲ್ ಬರುತ್ತದೆ ಎನ್ನುತ್ತದೆ, ಬರುವುದಿಲ್ಲ. ಬಂದದ್ದು ಡೌನ್‌ಲೋಡ್ ಆಗುತ್ತ ಆಗುತ್ತ, ಇನ್ನೇನು ಮುಗಿಯಿತು ಎನ್ನುವಾಗ ಲ್ಯಾಬಿನ ನೆಟ್ ಹೋಗುತ್ತದೆ. ಮತ್ತೆ ಮೊದಲಿನಿಂದ. ಕೊನೆಗೂ ಇಳಿಸಿಕೊಂಡು ತೆರೆದರೆ ಪರದೆಯ ತುಂಬ ಕಪ್ಪು.

ಕಪ್ಪನ್ನು ಬಿಡಿಸಿ ಬಣ್ಣ ಬರಿಸಿದೆ. ಮುಂಬೈ ಉಷ್ಣಾಂಶ ಮುನ್ನೂರು ಎಂದಿತು. ಅದು ಕೆಲ್ವಿನ್ ಲೆಕ್ಕ ಎಂದು ತಿಳಿಯಲು ಒಂದು ಮಧ್ಯಾಹ್ನ ಹೋಯಿತು. ಬೇರೆ ಫೈಲಿನಲ್ಲಿ ಎಲ್ಲವೂ ಹತ್ತರಷ್ಟು, ದಶಮಾಂಶದ ಚುಕ್ಕಿ ಉಳಿಸಲು ಹಾಗೆ ಮಾಡಿರುತ್ತಾರಂತೆ. ಸಮುದ್ರಕ್ಕೆ ಸಂಖ್ಯೆ ಇಲ್ಲ ಎನ್ನುವುದನ್ನು ತೋರಿಸಲು ಮೈನಸ್ ಒಂಬತ್ತು ಸಾವಿರದ ಮೇಲಿನ ಏನೋ ಒಂದು ತುಂಬಿದ್ದರು. ಅದೂ ಸರಾಸರಿಯಲ್ಲಿ ಸೇರಿಕೊಂಡು ಕರಾವಳಿಯೆಲ್ಲ ಹಿಮಾಲಯಕ್ಕಿಂತ ತಣ್ಣಗಾಯಿತು. ಮೈಮೇಲೆ ಬೆವರು ಹರಿಯುತ್ತಿರುವಾಗ ಪರದೆ ಹೀಗೆ ಹೇಳಿದರೆ ನಗಬೇಕೋ ಅಳಬೇಕೋ. ಯಾರ ಹತ್ತಿರ ಹೇಳಿಕೊಳ್ಳುವುದು? ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಪಕ್ಕದವಳಿಗೆ ಹೇಳಲೇ? ಗ್ರಾಂಟ್ ರೋಡಿನಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಭಾಂಡುಪಿನ ಗಾಡಿ. ಕೂರಲು ಜಾಗ ಸಿಕ್ಕಿದ ದಿನ ನಿದ್ದೆ, ಸಿಗದ ದಿನ ನಿಂತೇ ನಿದ್ದೆ.

ಮನೆಗೆ ಹೋದರೆ ಅಲ್ಲಿ ನಿಜವಾದ ಬಿಸಿ. ಭಾಂಡುಪಿನ ಗುಡ್ಡದ ಇಳಿಜಾರಿನಲ್ಲಿ ನಮ್ಮ ಚಾಳು, ಮೇಲಿನ ಅಂತಸ್ತಿನಲ್ಲಿ ಒಂದೇ ಕೋಣೆಯ ನಮ್ಮ ಖೋಲಿ, ಅದರ ಮೇಲೆ ಪತ್ರಾ, ಬರೀ ತಗಡು. ಅಪ್ಪ ವಿಜಯಪುರದ ಕಡೆಯಿಂದ ಬಂದು ಇಲ್ಲಿಯ ಕಾರ್ಖಾನೆ ಸೇರಿದಾಗ ಹಿಡಿದ ಖೋಲಿ. ಕಾರ್ಖಾನೆ ಮುಚ್ಚಿ ಅಲ್ಲಿ ಟವರ್ ಎದ್ದಿದೆ, ಅಪ್ಪ ತೀರಿಕೊಂಡಿದ್ದಾನೆ, ಪತ್ರಾ ಮಾತ್ರ ಹಾಗೇ ಇದೆ. ಈಗ ಅಲ್ಲಿ ಅವ್ವ ಮತ್ತು ನಾನು ಇಬ್ಬರೇ. ಅವ್ವನಿಗೆ ಬಿಪಿ. ಹಿಂದಿನ ಬೇಸಿಗೆಯಲ್ಲೇ ಒಮ್ಮೆ ನಳದ ಹತ್ತಿರ ಕುಸಿದು ಕೂತಿದ್ದಳು. ಈ ವರ್ಷ ಮೂಲೆಯ ಡಾಕ್ಟರು ಗುಳಿಗೆ ಬರೆದುಕೊಡುತ್ತ, ಏಪ್ರಿಲ್ ಮೇ ಇವರನ್ನು ಪತ್ರಾದ ಕೆಳಗೆ ಇಡಬೇಡಿ, ಗುಳಿಗೆ ಒಂದು ಕಡೆ, ಬಿಸಿ ಇನ್ನೊಂದು ಕಡೆ ಎಳೆದರೆ ಹೃದಯ ತಡೆಯುವುದಿಲ್ಲ ಎಂದು ಬಿಡಿಸಿ ಹೇಳಿದ್ದರು. ಕೂಲರ್ ತಂದೆ. ಮುಂಬೈ ಗಾಳಿಗೆ ಕೂಲರ್ ಹಚ್ಚಿದರೆ ಖೋಲಿಯೆಲ್ಲ ಇಡ್ಲಿ ಪಾತ್ರೆ. ಎ.ಸಿ. ಹಾಕಿದರೆ ಚಾಳಿನ ವೈರಿಂಗ್ ಸುಟ್ಟುಹೋಗುತ್ತದೆ ಎಂದು ವೈರ್‌ಮನ್ ಕೈ ಎತ್ತಿದ.

ಉಳಿದ ದಾರಿ ಒಂದೇ, ಬೊರಿವಲಿಯಲ್ಲಿ ಅಣ್ಣನ ಮನೆ. ಕಾಡಿನ ಅಂಚಿಗೇ ಅವನ ಬಿಲ್ಡಿಂಗ್, ಮೂರೂ ಕಡೆ ಕಿಟಕಿ. ನಾನು ಹುಳು ಹುಡುಕುವಾಗ ಮರಗಳ ಸಂದಿಯಲ್ಲಿ ಅವನ ಬಿಲ್ಡಿಂಗಿನ ನೀರಿನ ಟಾಕಿ ಕಾಣುತ್ತಿತ್ತು. ಕಂಡರೂ ಆ ಕಡೆ ಹೋಗುತ್ತಿರಲಿಲ್ಲ. ಅಪ್ಪನ ಕೊನೆಯ ಕಾಯಿಲೆಯಲ್ಲಿ ಅಣ್ಣ ದೊಡ್ಡ ಆಸ್ಪತ್ರೆಗೆ ಒಯ್ಯೋಣ ಎಂದ, ಅಪ್ಪ ಮನೆಯಲ್ಲೇ ಇರುತ್ತೇನೆ ಎಂದು ಹಟ ಹಿಡಿದ, ನಾನು ಅಪ್ಪನ ಕಡೆ ನಿಂತೆ. ಅಪ್ಪ ತೀರಿಕೊಂಡ ವಾರವೇ, ನೆಂಟರೆಲ್ಲ ಕೂತಿರುವಾಗ, ನಿನ್ನಿಂದಲೇ ಅಪ್ಪನ್ನ ಕಳಕೊಂಡ್ವಿ ಎಂದ ಅಣ್ಣ. ನೀನು ಬೀಗರ ಹಾಗೆ ಬಂದು ಹೋದವ, ನಿನಗೇನು ಗೊತ್ತು ಎಂದೆ ನಾನು. ನೀ ಕರೆದರಷ್ಟೇ ಇನ್ನು ಈ ಮೆಟ್ಟಿಲು ಹತ್ತುತ್ತೇನೆ ಎಂದು ಹೇಳಿ ಹೋದ. ನಾನು ಕರೆಯಲಿಲ್ಲ, ಅವನು ಹತ್ತಲಿಲ್ಲ. ಭಾನುವಾರ ಅವ್ವನಿಗೆ ಅವನ ಫೋನ್ ಬರುತ್ತದೆ. ಆಗ ನಾನು ಹೊರಗೆ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕಲು ಹೋಗುತ್ತೇನೆ. ಬಟ್ಟೆ ಇಲ್ಲದಿದ್ದರೂ ಹೋಗುತ್ತೇನೆ.

ಅವ್ವ ಒಬ್ಬಳೇ ಹೋಗಲು ಒಪ್ಪುತ್ತಿರಲಿಲ್ಲ. ರಿಕ್ಷಾ ಮಾಡಿ ಕೊಡುತ್ತೇನೆ, ಬಿಲ್ಡಿಂಗಿನ ಕೆಳಗೆ ಇಳಿಸುತ್ತೇನೆ, ಅಣ್ಣನ ಹೆಂಡತಿ ವೈನಿ ಬಂದು ಕರೆದುಕೊಂಡು ಹೋಗಲಿ ಎಂದು ನಾನೇ ಒಮ್ಮೆ ಹೇಳಿದ್ದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ನೀ ಒಳಗ ಬಂದು, ಕುಂತು, ಒಂದು ಕಪ್ಪು ಚಾ ಕುಡದು ನನ್ನ ಬಿಟ್ಟು ಬಂದ್ರ ಹೋಗ್ತೀನಿ. ಗೇಟಿನಾಗ ಇಳಿಸಿ ಹೋಗಾಕ ನಾ ಏನು ಪಾರ್ಸಲ್ ಅದೀನೇನು?”

ಮೂಗಿನ ತುದಿಯ ಸಿಟ್ಟು ನನಗೆ ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ.

ಹಾಗೆ ಏಪ್ರಿಲ್ ಬಂತು. ಒಂದು ಭಾನುವಾರ ಕಿಟಕಿಯ ಹತ್ತಿರ ಲ್ಯಾಪ್‌ಟಾಪ್ ಇಟ್ಟು, ಮೊಬೈಲಿನ ನೆಟ್ ಹಚ್ಚಿಕೊಂಡು ಕೆಲಸ ಮಾಡುತ್ತಿದ್ದೆ. ಇತ್ತೀಚಿನ ಬೇಸಿಗೆಗಳ ದಿನದಿನದ ಉಷ್ಣಾಂಶ ಕೊನೆಗೂ ಒಂದು ಕಡೆ ಸಿಕ್ಕಿತ್ತು. ಆದರೆ ಅದರ ಚೌಕಗಳು ಭಾರಿ ದೊಡ್ಡವು. ದಾದರಿಗಿಂತ ಸ್ವಲ್ಪ ಕೆಳಗೆ ಒಂದು ಗೆರೆ ಹಾಯ್ದಿತ್ತು. ಗೆರೆಯ ಕೆಳಗಿನ ಚೌಕದಲ್ಲಿ ಗ್ರಾಂಟ್ ರೋಡು, ಕೊಲಾಬಾ, ಉಳಿದದ್ದೆಲ್ಲ ಸಮುದ್ರ. ಮೇಲಿನ ಚೌಕದಲ್ಲಿ ಎಲ್ಲ ಉಪನಗರಗಳೂ, ನಡುವಿನ ಕಾಡೂ, ಸಮುದ್ರ ಒಳನುಗ್ಗಿದ ಖಾಡಿಯೂ, ಅದರಾಚೆಯ ಊರುಗಳೂ. ಅಷ್ಟಕ್ಕೂ ಸೇರಿ ಒಂದೇ ಸಂಖ್ಯೆ. ನನ್ನ ಹುಳುಗಳೆಲ್ಲ ಅದೇ ಒಂದು ಚೌಕದಲ್ಲಿ ಕಿಕ್ಕಿರಿದಿದ್ದವು. ಬಿಸಿಯಲ್ಲಿ ಇರುವ ಹುಳುವಿಗೂ ನೆರಳಿನಲ್ಲಿ ಇರುವ ಹುಳುವಿಗೂ ಒಂದೇ ಉಷ್ಣಾಂಶ ಎಂದರೆ ನಾನು ಏನು ಲೆಕ್ಕ ಮಾಡಲಿ? ತಲೆ ಕೈಯಲ್ಲಿ ಹಿಡಿದು ಕೂತಿದ್ದೆ.

ಅವ್ವ ಬಂದು ಬೆನ್ನ ಹಿಂದೆ ನಿಂತಳು. ನನ್ನ ಕೆಲಸ ಅವಳಿಗೆ ಮೊದಲಿಂದಲೂ ತಮಾಷೆ. ಬಸವಣ್ಣನ ಹುಳ ಹುಡುಕಲು ಇಷ್ಟು ಓದಬೇಕಿತ್ತೇನು, ನಮ್ಮ ಊರಾಗ ಮಳಿ ಬಂದ್ರ ತಾನ ಬರ್ತಿತ್ತು ಎಂದು ಚಾಳಿನ ಹೆಂಗಸರ ಮುಂದೆ ನನ್ನ ಮರ್ಯಾದೆ ತೆಗೆದಿದ್ದಾಳೆ. ಆ ದಿನ ಪರದೆಯ ಮೇಲಿನ ಗೆರೆಗಳನ್ನು ನೋಡಿ, ಇದೇನು ಚೌಕಾಬಾರಾ ಹಾಕೀ ಎಂದಳು. ಚೌಕಾಬಾರಾದಲ್ಲಿ ಕವಡೆ ಹಾಕಿ ಕಾಯಿ ನಡೆಸುವ ಒಂದೊಂದು ಚೌಕಕ್ಕೂ ಮನೆ ಎನ್ನುತ್ತಾರೆ, ಅವ್ವನ ಬಾಯಲ್ಲಿ ಮನಿ. ನಾವು ಯಾವ ಮನಿಯಾಗ ಅದೀವಿ ಎಂದು ಕೇಳಿದಳು. ಬೆರಳಿಟ್ಟು ತೋರಿಸಿದೆ. ಮತ್ತ ನಿಮ್ಮಣ್ಣ ಎಂದಳು.

ನಾನು ದಣಿದಿದ್ದೆ. ಅವಳು ಮತ್ತೆ ಬೊರಿವಲಿಯ ಮಾತು ತೆಗೆಯುತ್ತಾಳೆ, ನಾನು ಮತ್ತೆ ಇಲ್ಲ ಎನ್ನಬೇಕು, ಮತ್ತೆ ಇಬ್ಬರೂ ಮುಖ ಗಂಟು ಹಾಕಿಕೊಂಡು ಉಣ್ಣಬೇಕು. ಪರದೆಯ ಮೇಲೆ ನೆಪ ಸಿದ್ಧವಾಗಿತ್ತು.

“ಅವನೂ ಇದರಾಗ. ಇಬ್ಬರದೂ ಒಂದ ಮನಿ. ಇಲ್ಲಿ ಎಷ್ಟು ಬಿಸಿಲೋ ಅಲ್ಲೀನೂ ಅಷ್ಟ. ಅಲ್ಲಿ ಹೋಗಿ ಏನು ಮಾಡಾಕಿ?”

ಅವ್ವ ಬಗ್ಗಿ ಆ ಚೌಕವನ್ನೇ ನೋಡಿದಳು. ಬಿಸಿಲಿನ ಮಾತು ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಒಂದ ಮನ್ಯಾಗ, ಒಂದ ಮನ್ಯಾಗ ಅಂತ ಎರಡು ಸಲ ತನ್ನಷ್ಟಕ್ಕೆ ಹೇಳಿಕೊಂಡು ಒಳಗೆ ಹೋದಳು.

ಸಂಜೆ ಅಣ್ಣನ ಫೋನ್ ಬಂತು. ನಾನು ಗ್ಯಾಲರಿಗೆ ಹೋದೆ. ಅವ್ವನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಅವಳ ಫೋನಿನ ಮಾತು ಚಾಳಿಗೆಲ್ಲ ಕೇಳುತ್ತದೆ. ನಿನ್ನ ತಂಗಿ ಕಂಪ್ಯೂಟರ್‌ದಾಗ ತೋರಿಸಿದ್ಲು, ನೀವಿಬ್ಬರೂ ಒಂದ ಮನ್ಯಾಗ ಅದೀರಂತ, ಆಕೀನ ಹೇಳಿದ್ಲು ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಆ ಕಡೆಯಿಂದ ಅಣ್ಣ ಏನಂದನೋ ಕೇಳಲಿಲ್ಲ. ಫೋನ್ ಇಟ್ಟ ಮೇಲೆ ನಾನು ರೇಗಿದೆ. ಅದು ಮನೆ ಅಲ್ಲವ್ವಾ, ಚೌಕ, ಅದರಲ್ಲಿ ಕೋಟಿ ಜನ ಇದ್ದಾರೆ, ಎಲ್ಲರೂ ನಿನ್ನ ಮಕ್ಕಳೇನು ಎಂದೆ. ಇರ್ಲಿ ಬಿಡು, ಅವರೂ ಅದಾರ ಎಂದಳು.

ಮಾರನೆಯ ದಿನ ಮೇಡಂ ನನ್ನ ದೊಡ್ಡ ಚೌಕ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಹಾಗೆ ಕನ್ನಡಕ ಇಟ್ಟರೆಂದರೆ ಕೆಲಸ ಮತ್ತೆ ಮೊದಲಿನಿಂದ ಎಂದರ್ಥ. ಈ ಸಂಖ್ಯೆ ಯಾವ ಜೀವಿಯದೂ ಅಲ್ಲ, ಇಷ್ಟು ದೊಡ್ಡ ಸರಾಸರಿಯೊಳಗೆ ಯಾರೂ ಬದುಕುವುದಿಲ್ಲ, ಹುಳು ಬದುಕುವುದು ಒಂದು ಎಲೆಯ ಕೆಳಗೆ, ಸಣ್ಣ ಚೌಕದ ದತ್ತಾಂಶ ಹುಡುಕು ಎಂದು ಮರಾಠಿಯಲ್ಲಿ ಸಮಾಧಾನವಾಗಿಯೇ ಹೇಳಿದರು. ಹುಡುಕಿದೆ. ಸಣ್ಣ ಚೌಕದ್ದು ಇತ್ತು, ಆದರೆ ಅದು ಹತ್ತಾರು ವರ್ಷಗಳ ಸರಾಸರಿ, ಈಚಿನ ಬೇಸಿಗೆ ಅದರಲ್ಲಿಲ್ಲ. ಈಚಿನದು ಬೇಕೆಂದರೆ ಚೌಕ ದೊಡ್ಡದು, ಚೌಕ ಸಣ್ಣದು ಬೇಕೆಂದರೆ ಕಾಲ ಹಳೆಯದು. ಎರಡನ್ನೂ ಹೇಗೋ ಹೊಂದಿಸಿ, ಒಂದರ ಏರಿಕೆಯನ್ನು ಇನ್ನೊಂದರ ಮೇಲೆ ಕೂರಿಸಬೇಕು. ಮಾಡಿದೆ. ಅರ್ಧ ಚೌಕದಷ್ಟು ಪಕ್ಕಕ್ಕೆ ಸರಿದು ಕೂತಿತು. ಮತ್ತೆ ಮಾಡಿದೆ. ಕಣ್ಣು ಉರಿಯತೊಡಗಿ, ಯಾವ ಹುಳುವಾದರೂ ಎಲ್ಲಾದರೂ ಇರಲಿ, ನನ್ನನ್ನು ಬಿಟ್ಟರೆ ಸಾಕು ಎನಿಸುವವರೆಗೆ ಮಾಡಿದೆ.

ಮೇ ತಿಂಗಳ ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಆ ನಕಾಶೆ ಸರಿಯಾಗಿ ಬಂತು. ದೊಡ್ಡ ಚೌಕ ಒಡೆದು ಸಣ್ಣ ಸಣ್ಣ ಚೌಕಗಳಾಗಿದ್ದವು. ನಡುವೆ ಕಾಡು, ಉದ್ದಕ್ಕೆ, ತಿಳಿ ಬಣ್ಣದಲ್ಲಿ ಹರಡಿಕೊಂಡಿತ್ತು. ಅದರ ಪೂರ್ವಕ್ಕೆ ಭಾಂಡುಪ್ ಕಡುಗೆಂಪು. ಪಶ್ಚಿಮದ ಅಂಚಿನಲ್ಲಿ ಅಣ್ಣನ ಬಿಲ್ಡಿಂಗು ಇರುವ ಚೌಕ, ಕಾಡಿನದೇ ಬಣ್ಣ. ಹುಳುಗಳಿಗೆ ಹಾಕಿದ ಹಾಗೆ ನಮ್ಮ ಚಾಳಿಗೂ ಅವನ ಬಿಲ್ಡಿಂಗಿಗೂ ಒಂದೊಂದು ಚುಕ್ಕೆ ಹಾಕಿ ನೋಡಿದೆ. ಯಾರೂ ಹೇಳಿರಲಿಲ್ಲ, ಕೈ ತಾನಾಗಿ ಹಾಕಿತು. ನಡುವೆ ಸಾಲು ಸಾಲು ಚೌಕಗಳು. ಅವನದು ನಮ್ಮದಕ್ಕಿಂತ ತಂಪು. ಪತ್ರಾದ ಬಿಸಿಯಂತೂ ಆ ಲೆಕ್ಕದಲ್ಲೂ ಇಲ್ಲ, ಅದು ಬಯಲಿನ ನೆರಳಿನ ಗಾಳಿಯ ಲೆಕ್ಕ ಮಾತ್ರ. ಅವ್ವನಿಗೆ ನಾನು ಹೇಳಿದ್ದು ಸುಳ್ಳು ಎಂದು ಬಣ್ಣ ಬಣ್ಣವಾಗಿ ಕಾಣುತ್ತಿತ್ತು.

ಹೇಳಲಿಲ್ಲ. ಹೇಳಿದರೆ ಮರುದಿನವೇ ಫೋನ್ ಮಾಡಬೇಕಾಗುತ್ತದೆ. ಇನ್ನೊಂದು ವಾರಕ್ಕೆ ಮೋಡ ಬರುತ್ತದೆ, ಮೋಡ ಬಂದರೆ ಮಳೆ, ಮಳೆ ಬಂದರೆ ಯಾರೂ ಯಾರ ಮನೆಗೂ ಹೋಗಬೇಕಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹವಾಮಾನದ ಕೆಲಸ ಮಾಡುವವಳು ಹೀಗೆ ಮೋಡದ ಆಸೆಯಲ್ಲಿ ಕೂತಿದ್ದೆ. ಅವ್ವ ಮಾತ್ರ ಚಾಳಿನಲ್ಲಿ ಎಲ್ಲರಿಗೂ ಒಂದ ಮನಿಯ ಸುದ್ದಿ ಹೇಳಿಕೊಂಡು ಓಡಾಡುತ್ತಿದ್ದಳು. ಪಕ್ಕದ ಖೋಲಿಯ ಮರಾಠಿ ಮಾವಶಿ, ಮಗ ಸೊಸೆ ಇಲ್ಲಿಗೇ ಬಂದು ಇರುತ್ತಾರಂತೆ, ಹೌದೇ ಎಂದು ನನ್ನನ್ನು ಕೇಳಿದರು.

ಆ ಶನಿವಾರ ವರದಿ ಬರೆಯಲು ಮನೆಯಲ್ಲೇ ಕೂತಿದ್ದೆ. ಗಾಳಿ ಸತ್ತುಹೋಗಿತ್ತು. ಮಧ್ಯಾಹ್ನದ ಅಡಿಗೆ ನಾನೇ ಮಾಡುತ್ತೇನೆ, ಮಲಗು ಎಂದರೆ ಅವ್ವ ಕೇಳಲಿಲ್ಲ. ಎರಡು ರೊಟ್ಟಿ ಬಡದ್ರ ಏನು ಸಾಯ್ತೀನೇನು ಎಂದು ಒಲೆಯ ಮುಂದೆ ನಿಂತಳು. ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತು, ನಿಂತಿತು. ಹೆಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂದಾಗ ನಾನು ತಲೆ ಎತ್ತಿದೆ. ಅವ್ವ ನೆಲದ ಮೇಲೆ ಗೋಡೆಗೆ ಒರಗಿ ಬಿದ್ದಿದ್ದಳು. ಬೆವರು ಇಲ್ಲ, ಮೈ ಮುಟ್ಟಿದರೆ ಹೆಂಚಿನ ಹಾಗೆ ಕಾದಿತ್ತು. ಅಯ್ಯೋ ಅವ್ವಾ ಎಂದು ಕೂಗಿದ್ದು ನನ್ನದೇ ದನಿಯೋ ಏನೋ. ಮಾವಶಿ ಬಂದರು, ಅವರ ಮಗ ಡಾಕ್ಟರನ್ನು ಕರೆತಂದ, ಒದ್ದೆ ಬಟ್ಟೆ ಸುತ್ತಿದೆವು, ಕೆಳಗಿನ ಅಂತಸ್ತಿನ ಖೋಲಿಗೆ ಎತ್ತಿಕೊಂಡು ಹೋದೆವು. ಡಾಕ್ಟರು ಸಲಾಯಿನ್ ಹಚ್ಚಿ, ಹೊತ್ತಾದ ಮೇಲೆ ನಾಡಿ ನೋಡಿ, ಈ ಸಲ ಉಳಿದಿದ್ದಾರೆ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವ್ವ ಕಣ್ಣು ಬಿಟ್ಟು, ರೊಟ್ಟಿ ಸೀದ್ವಲ್ಲ ಎಂದಳು. ನಾನು ಅಲ್ಲಿಂದ ಎದ್ದು ಮೇಲೆ ನಮ್ಮ ಖೋಲಿಗೆ ಬಂದೆ. ಹೆಂಚು ಇನ್ನೂ ಹೊಗೆಯಾಡುತ್ತಿತ್ತು. ಲ್ಯಾಪ್‌ಟಾಪ್ ತೆರೆದೇ ಇತ್ತು, ಅದರಲ್ಲಿ ಕೆಂಪು ಚೌಕದ ಚುಕ್ಕೆ, ತಿಳಿ ಚೌಕದ ಚುಕ್ಕೆ. ಅವ್ವನ ಮೊಬೈಲ್ ತೆಗೆದುಕೊಂಡು ಅಣ್ಣನಿಗೆ ಫೋನ್ ಹಚ್ಚಿದೆ. ನನ್ನದರಲ್ಲಿ ಅವನ ನಂಬರು ಉಳಿಸಿಕೊಂಡಿರಲಿಲ್ಲ.

ಅವ್ವ ಎಂದುಕೊಂಡು ಎತ್ತಿದ. “ನಾನು,” ಎಂದೆ. ಅವ್ವನಿಗೆ ಚಕ್ಕರ್ ಬಂದು ಬಿದ್ದಳು, ಈಗ ಆರಾಮ ಇದ್ದಾಳೆ, ಆದರೆ ಇಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆ ಕಡೆ ಕುರ್ಚಿ ಸರಿದ ಸದ್ದಾಯಿತು.

“ಯಾವಾಗ ಬರ್ತೀರಿ?”

ನಾನು ಹುಟ್ಟಿದಾಗಿನಿಂದ ಅಣ್ಣ ನನಗೆ ಬರ್ತಿ, ಹೋಗ್ತಿ ಎಂದವನು. ಬೈಯುವಾಗಲೂ ಏಕವಚನವೇ. ಈಗ ಬರ್ತೀರಿ ಎಂದ. ಹೊರಗಿನವರಿಗೆ ಕೊಡುವ ಮರ್ಯಾದೆಯೋ, ಅವ್ವನನ್ನೂ ನನ್ನನ್ನೂ ಸೇರಿಸಿ ಹೇಳಿದನೋ ತಿಳಿಯಲಿಲ್ಲ. ಮರ್ಯಾದೆ ಕೊಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಅವ್ವ ಗೇಟಿನಲ್ಲಿ ಇಳಿಯುವವಳಲ್ಲ, ನಾನು ಒಳಗೆ ಹೋಗುವ ಹಾಗಿಲ್ಲ. ಯಾರು ಯಾರು ಬರಬೇಕು ಎಂದು ಕೇಳಿದೆ.

“ಯಾರಂದ್ರ? ಇಬ್ಬರೂ,” ಎಂದ ಅಣ್ಣ. “ಒಂದ ಮನ್ಯಾಗ ಅದೀವಿ ಅಂತ ಅವ್ವನ ಕೈಯಾಗ ಹೇಳಿ ಕಳಿಸಿದ್ದಿಯಲ್ಲ, ಅವತ್ತ ನಿಮ್ಮ ಸಲುವಾಗಿ ಖೋಲಿ ಖಾಲಿ ಮಾಡಿಸಿ ಇಟ್ಟೀನಿ. ಅವತ್ತಿನಿಂದ ಹಾದಿ ನೋಡಾಕತ್ತೀನಿ. ನೀನ ಹೇಳಿದ್ದು ಹೌದಲ್ಲ?”

ಒಲೆಯ ಮುಂದೆ ಅವ್ವ ಕುಸಿದ ಜಾಗದಲ್ಲಿ ಹಿಟ್ಟು ಚೆಲ್ಲಿತ್ತು.

“ಹೂಂ. ನಾನ ಹೇಳಿದ್ದು,” ಎಂದೆ. “ಸಂಜೀಕ ಬರ್ತೀವಿ.”